4 ಗಿಗಾಹರ್ಟ್ಸ್ ಹಾರ್ನ್: ನೆತ್ತಿಯ ಆಕಾಶ 44 ಕೆಲ್ವಿನ್ ತೋರಿಸುತ್ತಿದೆ, ತಪ್ಪೆಲ್ಲಿ?

ಗುಮ್ಮಟನಗರಿ, ವಿಜಯಪುರ
ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು ನಾನು. ಮಹಾಸ್ಫೋಟದ ಅಳಿದುಳಿದ ಶಾಖವನ್ನು, ಅಂದರೆ ಕಾಸ್ಮಿಕ್ ಹಿನ್ನೆಲೆ ವಿಕಿರಣವನ್ನು, ನಮ್ಮ ಮಾಳಿಗೆಯ ಮೇಲೆಯೇ ಅಳೆದು ತೋರಿಸುತ್ತೇನೆ ಎಂದು ತರಗತಿಯಲ್ಲಿ ಹೇಳಿಬಿಟ್ಟೆ. ಈಗ ಸಿಕ್ಕಿಕೊಂಡಿದ್ದೇನೆ.

ಜೋಳದ ಡಬ್ಬಿ ಮಾಡುವವರಿಂದ 30 ಸೆಂ.ಮೀ. ಬಾಯಿಯ ತಗಡಿನ ಹಾರ್ನ್ (ರೇಡಿಯೊ ತರಂಗ ಹಿಡಿಯುವ ಕೊಂಬಿನಾಕಾರದ ಆಂಟೆನಾ) ಮಾಡಿಸಿದೆ. ಅದಕ್ಕೆ ಕೇಬಲ್ ಟಿವಿಯವರ ಸಿ-ಬ್ಯಾಂಡ್ ಎಲ್‌ಎನ್‌ಬಿ (ಉಪಗ್ರಹದ ಸಂಕೇತವನ್ನು ಹಿಗ್ಗಿಸಿ ಕಡಿಮೆ ಆವರ್ತನಕ್ಕೆ ಇಳಿಸುವ ಡಬ್ಬಿ), ಅದರ ಹಿಂದೆ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ಗ್ರಾಹಕ). ಎಲ್‌ಎನ್‌ಬಿಯ ಆಂದೋಲಕ 5150 ಮೆಗಾಹರ್ಟ್ಸ್ ಆದ್ದರಿಂದ 1070ಕ್ಕೆ ಶ್ರುತಿ ಮಾಡಿದರೆ ಆಕಾಶದಲ್ಲಿ 4080 ಸಿಗುತ್ತದೆ. ಈ ವಿಕಿರಣವನ್ನು ಮೊದಲು ಪತ್ತೆಹಚ್ಚಿದ ಪೆಂಜಿಯಾಸ್ ಮತ್ತು ವಿಲ್ಸನ್ ಕೇಳಿಸಿಕೊಂಡದ್ದೂ ಅದೇ 4080. ಸ್ವಯಂಚಾಲಿತ ಗೇನ್ (ಸಂಕೇತದ ಮಟ್ಟವನ್ನು ತಾನೇ ಏರಿಳಿಸುವುದು) ಬಂದ್ ಮಾಡಿದ್ದೇನೆ.

ಹಾರ್ನ್‌ನ ಬಾಯಿಗೆ ಕಪ್ಪು ಕಾರ್ಬನ್ ಫೋಮ್ ಮುಚ್ಚಿ (303 ಕೆಲ್ವಿನ್) ಒಮ್ಮೆ, ತೆರೆದು ಒಮ್ಮೆ ಅಳೆದೆ. ನೆತ್ತಿಗೆ ತಿರುಗಿಸಿದಾಗ ವ್ಯತ್ಯಾಸ 7.2 ಡೆಸಿಬಲ್. ಉತ್ತರಕ್ಕೆ 30 ಡಿಗ್ರಿ ಬಾಗಿಸಿದರೆ 7.9, 45 ಡಿಗ್ರಿಗೆ 7.85. ಎಲ್‌ಎನ್‌ಬಿಯ ಚೀಟಿಯಲ್ಲಿ ಗದ್ದಲದ ತಾಪ (ಉಪಕರಣ ತಾನೇ ಹುಟ್ಟಿಸುವ ಗದ್ದಲವನ್ನು ತಾಪವಾಗಿ ಹೇಳುವ ಅಂಕಿ) 17 ಕೆಲ್ವಿನ್ ಎಂದಿದೆ. ಅದನ್ನು ಹಾಕಿ ಲೆಕ್ಕ ಮಾಡಿದರೆ ಆಕಾಶ ಕ್ರಮವಾಗಿ 44, 35, 35.5 ಕೆಲ್ವಿನ್. ಬರಬೇಕಾದದ್ದು ಹತ್ತರ ಒಳಗೆ. ಅದಕ್ಕಿಂತ ಹೆಚ್ಚು ಕಾಡುತ್ತಿರುವುದು ಇನ್ನೊಂದು: ನೆತ್ತಿಯಲ್ಲಿ ಗಾಳಿಯ ಪದರ ಅತ್ಯಂತ ತೆಳು. ಅಲ್ಲಿಯೇ ಬಿಸಿ ಜಾಸ್ತಿ ಹೇಗೆ?

ಘಟಪ್ರಭೆ, ಗೋಕಾಕ
ಹಾರ್ನ್ ಒಳಗೆ ಪಾರಿವಾಳ ಗೂಡು ಕಟ್ಟಿಲ್ಲವಷ್ಟೇ ಸರ್? ಪೆಂಜಿಯಾಸ್ ಅವರಿಗೂ ಅದೇ ಕಾಟವಿತ್ತು.

ಗುಮ್ಮಟನಗರಿ
ಗೂಡಿಲ್ಲ. ನೋಡಲು ಒಂದೆರಡು ಬಂದು ಹೋದವು.

ನವನಗರ, ಬಾಗಲಕೋಟೆ
ನಾನು ಕೇಬಲ್ ಕಂಟ್ರೋಲ್ ರೂಮ್ ನಡೆಸುವವನು, ನಿಮ್ಮ ಲೆಕ್ಕ ನನಗೆ ತಿಳಿಯದು. ಆದರೆ 3.4ರಿಂದ 4.2 ಗಿಗಾಹರ್ಟ್ಸ್‌ವರೆಗೆ ಎಲ್ಲವನ್ನೂ ನುಂಗುವ ಹಳೆಯ ಎಲ್‌ಎನ್‌ಬಿಗಳನ್ನು 5ಜಿ ಟವರ್‌ಗಳು ಉಸಿರುಗಟ್ಟಿಸುತ್ತಿವೆ. ಬಾಯಿಗೆ 5ಜಿ ಫಿಲ್ಟರ್ ಹಾಕಿ. ಕೇಬಲ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಗುಮ್ಮಟನಗರಿ
ಒಂದನ್ನು ಕೇಳಿ ತಂದು ಹಾಕಿದೆ ಅಣ್ಣಾ. ಟವರ್ ಕಡೆ ತಿರುಗಿಸಿದಾಗ ಆಗುತ್ತಿದ್ದ ಜಿಗಿತ ನಿಂತಿತು. ಮೇಲಿನ ಮೂರು ಅಂಕಿಗಳು ಮಾತ್ರ ಕದಲಲಿಲ್ಲ.

ಕುಂದಾನಗರಿ, ಬೆಳಗಾವಿ
ಉಪಗ್ರಹ ಭೂನಿಲ್ದಾಣದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ಅಳತೆ ಸರಿಯಾಗಿದೆ ಸರ್, ನಂಬಿಕೆ ಎರಡು ಕಡೆ ತಪ್ಪಿದೆ.

ಮೊದಲು ನೆತ್ತಿಯದು. "ನೆತ್ತಿಗೆ ತಿರುಗಿಸಿ" ಎಂಬ ಸೂಚನೆ ಯುರೋಪಿನವರು ಬರೆದ ಲೇಖನದ್ದಿರಬೇಕು. ಲಂಡನ್‌ನಲ್ಲಿ ಭೂಸ್ಥಿರ ಉಪಗ್ರಹಗಳ (ಸಮಭಾಜಕದ ಮೇಲೆ ನಿಂತಂತೆ ಕಾಣುವವು) ಸಾಲು ದಕ್ಷಿಣ ದಿಗಂತದಿಂದ ಸುಮಾರು 31 ಡಿಗ್ರಿ ಎತ್ತರಕ್ಕೆ ನಿಲ್ಲುತ್ತದೆ, ಅವರ ನೆತ್ತಿ ಖಾಲಿ. ವಿಜಯಪುರ 16.8 ಡಿಗ್ರಿ ಅಕ್ಷಾಂಶದಲ್ಲಿದೆ. ನಿಮಗೆ ಆ ಸಾಲು 70 ಡಿಗ್ರಿ ಎತ್ತರದಲ್ಲಿ, ಅಂದರೆ ನೆತ್ತಿಯಿಂದ ಬರೀ 20 ಡಿಗ್ರಿ ದಕ್ಷಿಣಕ್ಕೆ. ನಮ್ಮ ದೇಶದ ಉಪಗ್ರಹಗಳು ಕೂರುವ 74 ಡಿಗ್ರಿ ಪೂರ್ವದ ಜಾಗ ಹೆಚ್ಚುಕಡಿಮೆ ನಿಮ್ಮ ರೇಖಾಂಶದ ಮೇಲೆಯೇ ಇದೆ. 83 ಡಿಗ್ರಿ ಪೂರ್ವದ್ದೂ ಪಕ್ಕದಲ್ಲೇ. 30 ಸೆಂ.ಮೀ. ಬಾಯಿಯ ಹಾರ್ನ್ ಅಷ್ಟು ದೂರದಲ್ಲಿಯೂ ಪೂರ್ತಿ ಕಿವುಡಾಗುವುದಿಲ್ಲ. ನೀವು ಅಳೆದದ್ದರಲ್ಲಿ ಮಹಾಸ್ಫೋಟದ ಜೊತೆಗೆ ಟಿವಿ ಧಾರಾವಾಹಿಗಳೂ ಇವೆ. ಇನ್ನು ಮೇಲೆ ಉತ್ತರದ ಅರ್ಧ ಆಕಾಶದಲ್ಲಿ ಮಾತ್ರ ಅಳೆಯಿರಿ.

ಎರಡನೆಯದು ಚೀಟಿ. ಆ 17 ಕೆಲ್ವಿನ್ ಎಂಬುದು ಸೀರೆಯಂಗಡಿಯ ರಿಯಾಯಿತಿ ಬೋರ್ಡಿನಂತೆ, ನಂಬಿ ಲೆಕ್ಕ ಹಾಕಬಾರದು. ನಿಮ್ಮ ಹಾರ್ನ್, ಬೆಸುಗೆ, ಫಿಲ್ಟರ್ ಎಲ್ಲ ಸೇರಿದ ಗದ್ದಲವನ್ನು ನೀವೇ ಅಳೆಯಬೇಕು. ಅದಕ್ಕೆ ಬಿಸಿ ಹೊದಿಕೆಯ ಜೊತೆ ಒಂದು ತಣ್ಣನೆಯ ಹೊದಿಕೆಯೂ ಬೇಕು. ಪೆಂಜಿಯಾಸ್ ಬಳಿ ದ್ರವ ಹೀಲಿಯಂ ಇತ್ತು. ನಮಗೆ ದ್ರವ ಸಾರಜನಕ ಸಾಕು, 77 ಕೆಲ್ವಿನ್. ಎಮ್ಮೆ-ಆಕಳುಗಳ ಕೃತಕ ಗರ್ಭಧಾರಣೆ ಮಾಡುವ ಪಶುವೈದ್ಯರ ಬಳಿ ಜಾಡಿ ಇದ್ದೇ ಇರುತ್ತದೆ, ವಿನಯದಿಂದ ಕೇಳಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅದೇ ಕಪ್ಪು ಫೋಮ್ ಹಾಸಿ, ಅದು ಮುಳುಗುವಷ್ಟು ಸುರಿದು, ಹಾರ್ನ್ ಅನ್ನು ಬೋರಲಾಗಿ ಹಿಡಿಯಿರಿ. ಬಯಲಲ್ಲೇ ಮಾಡಿ. ಜಾಡಿಯ ಬಾಯಿ ಬಿಗಿದರೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ದೂರ ನಿಲ್ಲಿಸಿ.

ಸೂರ್ಯ ಮುಳುಗಿದ ಮೇಲೆ, ಎಲ್‌ಎನ್‌ಬಿಗೆ ಅರ್ಧ ಗಂಟೆ ಕರೆಂಟ್ ಕೊಟ್ಟಿಟ್ಟು ಶುರು ಮಾಡಿ. ಬಿಸಿ, ಆಕಾಶ, ಮತ್ತೆ ಬಿಸಿ, ಹೀಗೆ ಅಳೆಯಿರಿ. ಎರಡು ಬಿಸಿ ಅಂಕಿಗಳು ತಾಳೆಯಾಗದಿದ್ದರೆ ನಡುವಿನದನ್ನು ಬಿಟ್ಟುಬಿಡಿ.

ಗುಮ್ಮಟನಗರಿ
ಸರ್, ದೊಡ್ಡ ಉಪಕಾರವಾಯಿತು. ಪಶುವೈದ್ಯರು ನಕ್ಕರು, ಆದರೂ ಎರಡು ಲೀಟರ್ ಕೊಟ್ಟರು. ಸುರಿದ ಕೂಡಲೇ ಬಿಸಿ ಹೆಂಚಿನ ಮೇಲೆ ನೀರು ಬಿದ್ದಂತೆ ಚುರುಗುಟ್ಟಿ, ಮೇ ತಿಂಗಳ ಮಾಳಿಗೆಯ ಮೇಲೆ ಮಂಜು ಹರಿಯಿತು. ಮಕ್ಕಳಿಗೆ ವಿಶ್ವದ ಹುಟ್ಟೇ ಮರೆತುಹೋಯಿತು.

ಬಿಸಿಗೂ ತಣ್ಣನೆಯದಕ್ಕೂ ವ್ಯತ್ಯಾಸ 4.55 ಡೆಸಿಬಲ್. ಅಂದರೆ ನನ್ನ ಉಪಕರಣದ ಗದ್ದಲ 45 ಕೆಲ್ವಿನ್, 17 ಅಲ್ಲ! ಅದನ್ನು ಹಾಕಿ ಹಳೆಯ ಅಂಕಿಗಳನ್ನೇ ಮತ್ತೆ ಲೆಕ್ಕ ಮಾಡಿದೆ: ಉತ್ತರಕ್ಕೆ 30 ಡಿಗ್ರಿಯಲ್ಲಿ 11.4 ಕೆಲ್ವಿನ್, 45ರಲ್ಲಿ 12.1. ಬಾಗಿದಂತೆ ಏರಿದ್ದನ್ನು ನೋಡಿದರೆ ಒಂದು ಪದರ (ನೆತ್ತಿಯ ದಪ್ಪದ) ಗಾಳಿಯ ಪಾಲು 2.7, 30 ಡಿಗ್ರಿಯ ಓರೆಯಲ್ಲಿ 3.1. ಅದನ್ನು ಕಳೆದರೆ 8.3 ಉಳಿಯುತ್ತದೆ. ಮಹಾಸ್ಫೋಟದ ಪಾಲಾಗಿ ಉಳಿಯಬೇಕಾದದ್ದು 2.7. ಮಿಕ್ಕ ಐದೂವರೆ ಎಲ್ಲಿಂದ ಬಂತು?

ಕುಂದಾನಗರಿ
ನೆಲದಿಂದ. 300 ಕೆಲ್ವಿನ್‌ನ ಮಾಳಿಗೆ ಹಾರ್ನ್‌ನ ಅಂಚಿನಿಂದ ನುಸುಳುತ್ತಿದೆ. ನೂರರಲ್ಲಿ ಎರಡು ಪಾಲು ನುಸುಳಿದರೂ ಆರು ಕೆಲ್ವಿನ್. ಸುತ್ತ ತಗಡುಗಳನ್ನು ಹೂವಿನ ಎಸಳಿನಂತೆ ಹೊರಕ್ಕೆ ಬಾಗಿಸಿ ನಿಲ್ಲಿಸಿ, ಆಗ ಅಂಚಿಗೆ ಕಾಣುವುದು ನೆಲವಲ್ಲ, ತಗಡಿನಲ್ಲಿ ಪ್ರತಿಫಲಿಸಿದ ಆಕಾಶ. ದೊಡ್ಡವರಿಗೂ ಈ ನೆಲದ ತಲೆನೋವು ತಪ್ಪಿದ್ದಲ್ಲ. ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ತಮ್ಮ ಸಾರಸ್-3 ಆಂಟೆನಾವನ್ನು ಶರಾವತಿ ಹಿನ್ನೀರಿನಲ್ಲಿ ತೇಲಿಸಿದ್ದು ಇದಕ್ಕಾಗಿಯೇ. ಅವರು ಹುಡುಕುತ್ತಿದ್ದದ್ದು ಬೇರೆ ಸಂಕೇತ, ಆದರೆ ಕೆಳಗೆ ಕಲ್ಲು-ಮಣ್ಣಿನ ಬದಲು ಒಂದೇ ಸಮನಾದ ನೀರಿದ್ದರೆ ಲೆಕ್ಕ ಹದಕ್ಕೆ ಬರುತ್ತದೆ.

ಗುಮ್ಮಟನಗರಿ
ತಗಡು ನಿಲ್ಲಿಸಿದೆ. ಈಗ 30 ಡಿಗ್ರಿಯಲ್ಲಿ 8.25 ಡೆಸಿಬಲ್, 60ರಲ್ಲಿ 8.07. ಅಂದರೆ 7.1 ಮತ್ತು 9.3 ಕೆಲ್ವಿನ್. ಒಂದು ಪದರ ಗಾಳಿಯ ಪಾಲು 2.6, 30 ಡಿಗ್ರಿಯ ಓರೆಯಲ್ಲಿ 3. ಕಳೆದರೆ ಉಳಿದದ್ದು 4.1!

ಕುಂದಾನಗರಿ
ಶಾಬಾಸ್. ಆದರೆ ಬೋರ್ಡಿನ ಮೇಲೆ ಬರೆಯುವಾಗ ಪಕ್ಕದಲ್ಲಿ "ಹೆಚ್ಚುಕಡಿಮೆ 2" ಎಂದು ಬರೆಯಿರಿ. ಸಾರಜನಕದ ಅಳತೆಯಲ್ಲಿ 0.05 ಡೆಸಿಬಲ್ ತಪ್ಪಿದರೂ ಉತ್ತರ 1.8 ಕೆಲ್ವಿನ್ ಸರಿಯುತ್ತದೆ. 1965ರಲ್ಲಿ ಪೆಂಜಿಯಾಸ್, ವಿಲ್ಸನ್ ಪ್ರಕಟಿಸಿದ್ದೂ 3.5, ಹೆಚ್ಚುಕಡಿಮೆ 1. ಒಟ್ಟು 6.7ರಲ್ಲಿ ಗಾಳಿಗೆ 2.3, ಆಂಟೆನಾದ ಲೋಹಕ್ಕೂ ಹಿಂಬದಿಯಿಂದ ನುಸುಳಿದ್ದಕ್ಕೂ ಸೇರಿ 0.9 ಕಳೆದು ಬಂದದ್ದು. ಲೋಹದ ಪಾಲನ್ನು ನೀವು ಬೇರೆ ಕಳೆಯಬೇಕಿಲ್ಲ. ಹೊದಿಕೆಗಳನ್ನು ಹಾರ್ನ್‌ನ ಬಾಯಿಗೇ ಹಿಡಿದಿದ್ದರಿಂದ ಅದು 45ರೊಳಗೆ ಸೇರಿಕೊಂಡಿದೆ.

ಘಟಪ್ರಭೆ
ಸರ್, ಹಾರ್ನ್ ಅಳತೆ ಹಾಕಿ. ನಮ್ಮಲ್ಲೂ ಡಬ್ಬಿ ಮಾಡುವವರಿದ್ದಾರೆ.

ಗುಮ್ಮಟನಗರಿ
ನಾಳೆ ಚಿತ್ರ ಬರೆದು ಹಾಕುತ್ತೇನೆ. ಈಗ ಜಾಡಿ ಮರಳಿಸಲು ಹೊರಟಿದ್ದೇನೆ, ಯಾರದೋ ಎಮ್ಮೆ ಕಾಯುತ್ತಿದೆಯಂತೆ.