‘ಮತ ಪ್ರಮಾಣ’ ಎಂದರೆ ಯಾವುದರ ಪ್ರಮಾಣ? ಫ್ರಾನ್ಸ್ ಚುನಾವಣೆಯ ನಕ್ಷೆಗೆ ಬೇಕಾದ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನಲ್ಲಿ 2022ರಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯ ಮತಗಳನ್ನು ಜಿಲ್ಲಾವಾರು ನಕ್ಷೆಗಳಲ್ಲಿ ತೋರಿಸಿ ವಿವರಿಸುವ ಲೇಖನವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಕ್ಷೆಗಳು ಸಿದ್ಧವಾಗಿವೆ. ಅವುಗಳ ಕೆಳಗೆ ಬಣ್ಣಗಳ ಅರ್ಥ ಹೇಳುವ ಪದಗಳನ್ನು ಗೊತ್ತುಮಾಡುವುದೇ ಕಷ್ಟವಾಗಿದೆ. ನಮ್ಮ ಚುನಾವಣಾ ವರದಿಗಳಲ್ಲಿ ಓಡಾಡುವ ಪದಗಳನ್ನೇ ಎತ್ತಿಕೊಂಡರೆ ಓದುವವರಿಗೆ ಬೇರೆಯದೇ ಅರ್ಥ ಹೋಗುತ್ತದೆ. ಹಾಗಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ತೊಡಕು ‘ಮತ ಪ್ರಮಾಣ’ದ್ದು. ‘ಸಂಜೆಯ ಹೊತ್ತಿಗೆ ಮತ ಪ್ರಮಾಣ ಏರಿತು’ ಎಂದು ಪತ್ರಿಕೆ ಬರೆದರೆ ಅದು ಮತಗಟ್ಟೆಗೆ ಬಂದವರ ಲೆಕ್ಕ. ‘ಸೋತರೂ ಪಕ್ಷದ ಮತ ಪ್ರಮಾಣ ಏರಿತು’ ಎಂದರೆ ಬಿದ್ದ ಮತಗಳಲ್ಲಿ ಆ ಪಕ್ಷಕ್ಕೆ ಸಿಕ್ಕ ಪಾಲು. ಒಂದೇ ಪದ, ಎರಡು ಲೆಕ್ಕ. ವಾಕ್ಯದ ಸಂದರ್ಭ ನಮ್ಮನ್ನು ಕಾಯುತ್ತದೆ, ನಿಜ. ಆದರೆ ನಕ್ಷೆಯ ಮೂಲೆಯಲ್ಲಿ ಬಣ್ಣದ ಚೌಕದ ಪಕ್ಕ ‘ಮತ ಪ್ರಮಾಣ ಶೇ 40–50’ ಎಂದು ಬರೆದಾಗ ಅಲ್ಲಿ ಸಂದರ್ಭವೇ ಇರುವುದಿಲ್ಲ.

ಫ್ರೆಂಚರು ಇದನ್ನು ಬಹಳ ಎಚ್ಚರದಿಂದ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿನ ಗೃಹ ಸಚಿವಾಲಯ ಪ್ರಕಟಿಸುವ ಫಲಿತಾಂಶದ ಪಟ್ಟಿಯಲ್ಲಿ ಪ್ರತಿ ಅಭ್ಯರ್ಥಿಯ ಎದುರು ಎರಡು ಶೇಕಡಾವಾರು ಇರುತ್ತವೆ. ಒಂದು, ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರಲ್ಲಿ ಎಷ್ಟು ಎಂಬುದು. ಇದು ‘ಎಂಸ್ಕ್ರಿ’ಗಳ ಲೆಕ್ಕ. ಇನ್ನೊಂದು, ಯಾವುದಾದರೂ ಅಭ್ಯರ್ಥಿಗೆ ನಿಜವಾಗಿ ಬಿದ್ದ ಮತಗಳಲ್ಲಿ ಎಷ್ಟು ಎಂಬುದು; ಇದು ‘ಎಕ್ಸ್‌ಪ್ರಿಮೆ’ ಲೆಕ್ಕ. ಮೊದಲ ಸುತ್ತಿನಲ್ಲಿ ಮುಂದಿದ್ದ ಇಬ್ಬರ ನಡುವೆ 2022ರ ಏಪ್ರಿಲ್ 24ರಂದು ನಡೆದ ಎರಡನೇ ಸುತ್ತಿನಲ್ಲಿ ಇಮ್ಯಾನ್ಯುಯೆಲ್ ಮ್ಯಾಕ್ರನ್ ಶೇ 58.55ರಿಂದ ಗೆದ್ದರು ಎಂದು ಜಗತ್ತೆಲ್ಲ ಓದಿತು. ಅದು ಎರಡನೆಯ ಲೆಕ್ಕ. ಮೊದಲನೆಯ ಲೆಕ್ಕದಲ್ಲಿ ಅವರಿಗೆ ಸಿಕ್ಕದ್ದು ಸುಮಾರು ಶೇ 38.5. ಪಟ್ಟಿಯಲ್ಲಿದ್ದವರು ಸುಮಾರು 4.88 ಕೋಟಿ ಜನ. ಅವರಲ್ಲಿ ಸುಮಾರು 1.37 ಕೋಟಿ ಜನ ಮತಗಟ್ಟೆಗೆ ಬರಲೇ ಇಲ್ಲ. 22 ಲಕ್ಷ ಜನ ಯಾರ ಹೆಸರನ್ನೂ ಆರಿಸದೆ ಖಾಲಿ ಮತ ಹಾಕಿದರು. 8 ಲಕ್ಷ ಮತಗಳು ತಿರಸ್ಕೃತವಾದವು. ಮೂರನ್ನೂ ಕೂಡಿಸಿದರೆ ಮ್ಯಾಕ್ರನ್ ಎದುರಾಳಿ ಮರೀನ್ ಲೆ ಪೆನ್ ಅವರಿಗೆ ಬಿದ್ದ 1.33 ಕೋಟಿ ಮತಗಳಿಗಿಂತ ದೊಡ್ಡ ಸಂಖ್ಯೆ. ನಕ್ಷೆ ಯಾವ ಲೆಕ್ಕದ ಮೇಲೆ ನಿಂತಿದೆ ಎಂದು ಹೇಳದಿದ್ದರೆ ಈ ಜನಸಮೂಹ ಓದುಗನ ಕಣ್ಣಿನಿಂದ ಪೂರ್ತಿ ಮರೆಯಾಗುತ್ತದೆ. ನನಗೆ ಇದು ಭಾಷೆಯ ಅಚ್ಚುಕಟ್ಟಿನ ಮಾತಲ್ಲ, ಓದುಗನಿಗೆ ಸಲ್ಲಬೇಕಾದ ನ್ಯಾಯದ ಮಾತು.

ನನ್ನ ಸಲಹೆ ಹೀಗಿದೆ: ಮತಗಟ್ಟೆಗೆ ಬಂದವರ ಲೆಕ್ಕಕ್ಕೆ ‘ಮತದಾನ ಪ್ರಮಾಣ’ ಎಂದೇ ಇರಲಿ. ಅಭ್ಯರ್ಥಿಗೆ ಸಿಕ್ಕದ್ದಕ್ಕೆ ‘ಪ್ರಮಾಣ’ ಬೇಡ, ‘ಪಾಲು’ ಇರಲಿ. ಆ ಪಾಲಿನಲ್ಲೂ ಎರಡು ಬಗೆ: ಎಂಸ್ಕ್ರಿ ಲೆಕ್ಕಕ್ಕೆ ‘ಪಟ್ಟಿಪಾಲು’ ಮತ್ತು ಎಕ್ಸ್‌ಪ್ರಿಮೆ ಲೆಕ್ಕಕ್ಕೆ ‘ಎಣಿಕೆಪಾಲು’. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಎಲ್ಲರೂ ಕೇಳುತ್ತೇವೆ, ಆದ್ದರಿಂದ ‘ಪಟ್ಟಿ’ ಎಂದರೆ ಸಾಕು, ‘ನೋಂದಾಯಿತ ಮತದಾರರ ಶೇಕಡಾವಾರು’ ಎಂಬ ಉದ್ದದ ಸಾಲು ಬೇಕಿಲ್ಲ. ‘ಎಣಿಕೆಪಾಲು’ ವಿಚಾರದಲ್ಲಿ ಮಾತ್ರ ನನಗೆ ಪೂರ್ತಿ ಸಮಾಧಾನವಿಲ್ಲ. ಖಾಲಿ ಮತಗಳನ್ನೂ ಎಣಿಸಿಯೇ ಬದಿಗಿಡುತ್ತಾರಲ್ಲ?

‘ಸಿಂಧು ಮತ’ ಎಂದು ಬರೆದರೆ ಆಯಿತು ಎಂದು ಕೆಲವರು ಹೇಳಬಹುದು. ಆಗದು. ಸಿಂಧು, ಅಸಿಂಧು ಎಂಬ ಜೋಡಿಯಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಫ್ರಾನ್ಸಿನಲ್ಲಿ 2014ರ ಫೆಬ್ರವರಿಯ ಕಾನೂನು ಮೂರನೆಯದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಅಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಮುದ್ರಿತ ಚೀಟಿ ಇರುತ್ತದೆ. ಬೇಕಾದ ಚೀಟಿಯನ್ನು ಲಕೋಟೆಯಲ್ಲಿಟ್ಟು ಪಾರದರ್ಶಕ ಪೆಟ್ಟಿಗೆಗೆ ಹಾಕಬೇಕು. ಬಿಳಿ ಕಾಗದವನ್ನು ಇಟ್ಟರೆ ಅಥವಾ ಲಕೋಟೆಯನ್ನು ಖಾಲಿ ಬಿಟ್ಟರೆ ಅದು ‘ವೋತ್ ಬ್ಲಾಂ’. ಚೀಟಿಯ ಮೇಲೆ ಗೀಚಿದರೆ, ಹರಿದರೆ, ಇಬ್ಬರು ಅಭ್ಯರ್ಥಿಗಳ ಚೀಟಿಗಳನ್ನು ಒಟ್ಟಿಗೆ ಇಟ್ಟರೆ ಅದು ‘ವೋತ್ ನುಲ್’. ಮೊದಲು ಎರಡನ್ನೂ ಒಂದೇ ರಾಶಿಯಲ್ಲಿ ಹಾಕುತ್ತಿದ್ದರು. 2014ರ ಬಳಿಕ ಬೇರೆ ಬೇರೆಯಾಗಿ ಎಣಿಸುತ್ತಾರೆ. ಆದರೆ ಖಾಲಿ ಮತವನ್ನು ಎಕ್ಸ್‌ಪ್ರಿಮೆ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂದರೆ ಅದು ತಪ್ಪು ಮತವಲ್ಲ, ಯಾರ ಪಾಲಿಗೂ ಹೋಗದ ಮತ. 2017ರ ಎರಡನೇ ಸುತ್ತಿನಲ್ಲಿ ಖಾಲಿ ಮತಗಳೇ 30 ಲಕ್ಷ ದಾಟಿದ್ದವು. ಇಷ್ಟು ಜನ ಮನೆಯಿಂದ ಹೊರಟು ಬಂದು, ಸರದಿಯಲ್ಲಿ ನಿಂತು, ‘ಈ ಇಬ್ಬರಲ್ಲಿ ಯಾರೂ ಬೇಡ’ ಎಂದು ಹೇಳಿ ಹೋದದ್ದನ್ನು ‘ಅಸಿಂಧು’ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇದನ್ನು ‘ನೋಟಾ’ ಎನ್ನುವುದೂ ಸರಿಯಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮ ಮತಯಂತ್ರದಲ್ಲಿ ಬಂದ ನೋಟಾಗೆ ಅದರದೇ ಗುಂಡಿ ಇದೆ, ಚಿಹ್ನೆ ಇದೆ. ವ್ಯವಸ್ಥೆಯೇ ಮತದಾರನ ಮುಂದಿಡುವ ಆಯ್ಕೆ ಅದು. ಫ್ರಾನ್ಸಿನ ಮತಗಟ್ಟೆಯ ಮೇಜಿನ ಮೇಲೆ ಬಿಳಿ ಚೀಟಿಯ ಕಟ್ಟು ಇರುವುದಿಲ್ಲ. ‘ಖಾಲಿ ಮತ’ ಎಂಬುದೇ ನೇರವಾಗಿದೆ, ಅದನ್ನೇ ಬಳಸುತ್ತೇನೆ. ವೋತ್ ನುಲ್‌ಗೆ ‘ತಿರಸ್ಕೃತ ಮತ’ ಸಾಕು. ವಿಧಾನ ಪರಿಷತ್ ಚುನಾವಣೆಯ ವರದಿಗಳಲ್ಲಿ ಈಗಲೂ ಕಾಣುವ ‘ಕುಲಗೆಟ್ಟ ಮತ’ ಎಂಬ ಮಾತನ್ನು ಮಾತ್ರ ನಾವು ಕೈಬಿಡಲೇಬೇಕು. ತಪ್ಪಾಗಿ ಗುರುತು ಹಾಕಿದ ಕಾಗದಕ್ಕೆ ಕುಲದ ಕಳಂಕವನ್ನು ಅಂಟಿಸುವ ಪದ ಪ್ರಜಾಪ್ರಭುತ್ವದ ಲೆಕ್ಕಪುಸ್ತಕದಲ್ಲಿ ಇರಬಾರದು.

ಮತಗಟ್ಟೆಗೆ ಬಾರದವರ ವಿಷಯ. ‘ಬಹಿಷ್ಕಾರ’ ಎಂದರೆ ನಮ್ಮಲ್ಲಿ ರಸ್ತೆ, ಸೇತುವೆ ಬೇಕೆಂದು ಊರಿಗೆ ಊರೇ ಕೂಡಿ ಮಾಡುವ ನಿರ್ಧಾರ. ಫ್ರಾನ್ಸಿನ ಶೇ 28 ಜನ ಹಾಗೆ ಕೂಡಿ ತೀರ್ಮಾನಿಸಿದವರಲ್ಲ. ‘ಗೈರು ಮತದಾರರು’ ಚೆನ್ನಾಗಿತ್ತು, ಆದರೆ ಅಂಚೆ ಮತಪತ್ರದ ಸಂದರ್ಭದಲ್ಲಿ ಆ ಮಾತು ಮತ ಹಾಕುವವರಿಗೇ ಬಳಕೆಯಾಗುತ್ತಿದೆ. ‘ದೂರ ಉಳಿದವರು’ ಎಂದು ಬರೆಯುತ್ತೇನೆ. ‘ಡಿಪಾರ್ಟ್‌ಮಾಂ’ಗೆ ಜಿಲ್ಲೆ ಎನ್ನಲು ಅಡ್ಡಿಯಿಲ್ಲ. ಸ್ಥಳೀಯ ಆಡಳಿತದ ಘಟಕವಾದ ‘ಕಮ್ಯೂನ್’ ಹಾಗೆಯೇ ಇರಲಿ, ಏಕೆಂದರೆ ಪ್ಯಾರಿಸ್ ನಗರವೂ ಒಂದು ಕಮ್ಯೂನ್, ನೂರು ಜನರಿಲ್ಲದ ಹಳ್ಳಿಯೂ ಒಂದು ಕಮ್ಯೂನ್. ಪುರಸಭೆ, ಗ್ರಾಮ ಪಂಚಾಯಿತಿ ಎರಡೂ ಹೊಂದುವುದಿಲ್ಲ.

ಇನ್ನು ‘ಮತ ವರ್ಗಾವಣೆ’. ಮೊದಲ ಸುತ್ತಿನಲ್ಲಿ ಸೋತವರ ಮತಗಳು ಎರಡನೇ ಸುತ್ತಿನಲ್ಲಿ ಎತ್ತ ಹೋದವು ಎಂಬುದು ಫ್ರೆಂಚ್ ಚುನಾವಣಾ ವಿಶ್ಲೇಷಣೆಯ ಜೀವಾಳ. ನಮ್ಮಲ್ಲಿ ಮೈತ್ರಿ ಪಕ್ಷಗಳ ನಡುವೆ ಮತ ವರ್ಗಾವಣೆ ಆಯಿತು, ಆಗಲಿಲ್ಲ ಎನ್ನುತ್ತಾರೆ. ಆ ಮಾತಿನಲ್ಲಿ ಮತ ನಾಯಕನ ಆಸ್ತಿ, ಅವನು ಬರೆದುಕೊಟ್ಟರೆ ಇನ್ನೊಬ್ಬನ ಖಾತೆಗೆ ಹೋಗುತ್ತದೆ ಎಂಬ ಧ್ವನಿ ಇದೆ. ಕೆರಿಬಿಯನ್ ಸಮುದ್ರದಲ್ಲಿರುವ ಫ್ರಾನ್ಸಿನ ಗ್ವಾಡಲೂಪ್ ದ್ವೀಪವನ್ನು ನೋಡಿ. 2022ರ ಮೊದಲ ಸುತ್ತಿನಲ್ಲಿ ಅಲ್ಲಿ ಶೇ 56ರಷ್ಟು ಮತ ಬಿದ್ದದ್ದು ಎಡಪಂಥದ ಜಾಂ-ಲುಕ್ ಮೆಲಾಂಶೋ ಅವರಿಗೆ. ಎರಡು ವಾರಗಳ ನಂತರ ಶೇ 69.6 ಬಿದ್ದದ್ದು ತೀವ್ರ ಬಲಪಂಥದ ಲೆ ಪೆನ್ ಅವರಿಗೆ. ಲೆ ಪೆನ್ ಅವರಿಗೆ ಒಂದೂ ಮತ ಕೊಡಬೇಡಿ ಎಂದು ಮೆಲಾಂಶೋ ಮೊದಲ ಸುತ್ತಿನ ರಾತ್ರಿಯೇ ಮತ್ತೆ ಮತ್ತೆ ಹೇಳಿದ್ದರು. ಆರೋಗ್ಯ ಸಿಬ್ಬಂದಿಗೆ ಕೋವಿಡ್ ಲಸಿಕೆ ಕಡ್ಡಾಯ ಮಾಡಿದ್ದರ ವಿರುದ್ಧ 2021ರ ಕೊನೆಯಲ್ಲಿ ಅಲ್ಲಿ ಎದ್ದ ಪ್ರತಿಭಟನೆ, ಪ್ಯಾರಿಸ್ಸಿನ ಸರ್ಕಾರದ ಮೇಲೆ ಮೊದಲಿನಿಂದಲೂ ಇದ್ದ ಸಿಟ್ಟು, ಇವು ನಾಯಕನ ಮಾತಿಗಿಂತ ಬಲವಾಗಿದ್ದವು. ಇದಕ್ಕೆ ‘ವರ್ಗಾವಣೆ’ ಹೇಗೆ ಹೊಂದೀತು? ‘ಮತದ ಹೊರಳು’ ಎಂದು ಬರೆಯೋಣವೇ?

ಪಟ್ಟಿಪಾಲಿನ ಮಾತು ಇಲ್ಲಿಗೂ ಬರುತ್ತದೆ. ಗ್ವಾಡಲೂಪ್‌ನಲ್ಲಿ ಎರಡೂ ಸುತ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೂರ ಉಳಿದಿದ್ದರು. ಎಣಿಕೆಪಾಲಿನ ನಕ್ಷೆಯಲ್ಲಿ ಕಡು ಬಣ್ಣದಲ್ಲಿ ಕಾಣುವ ದ್ವೀಪ ಪಟ್ಟಿಪಾಲಿನ ನಕ್ಷೆಯಲ್ಲಿ ತಿಳಿಯಾಗುತ್ತದೆ. ಅಲ್ಲಿ ಲೆ ಪೆನ್ ಅವರ ಪಾಲು ಮೂರನೇ ಒಂದಕ್ಕಿಂತ ಕಡಿಮೆ.

‘ಪ್ಯಾಟರ್ನ್’ಗೆ ಏನನ್ನುವುದು? ‘ಮತದಾನದ ಮಾದರಿ’ ಎಂಬ ಬಳಕೆ ಇದೆ. ಆದರೆ ಚುನಾವಣೆಯ ಕನ್ನಡದಲ್ಲಿ ‘ಮಾದರಿ’ಗೆ ಆಗಲೇ ಕೈತುಂಬ ಕೆಲಸ: ಮಾದರಿ ನೀತಿ ಸಂಹಿತೆ, ಮಾದರಿ ಮತಗಟ್ಟೆ, ಮಾದರಿ ಸಮೀಕ್ಷೆ. ನೆಲದ ಮೇಲೆ ಮತ ಹೇಗೆ ಹರಡಿದೆ ಎನ್ನುವುದಕ್ಕೆ ‘ಮತದ ಹರಹು’, ಕಾಲದಿಂದ ಕಾಲಕ್ಕೆ ಅದು ಹೇಗೆ ವಾಲುತ್ತಿದೆ ಎನ್ನುವುದಕ್ಕೆ ‘ಮತದ ಒಲವು’ ಎಂದು ಎರಡಾಗಿ ಒಡೆದರೆ ಹೆಚ್ಚು ಹೇಳಿದಂತಾಗುತ್ತದೆ ಎಂಬುದು ನನ್ನ ನಂಬಿಕೆ. ಫ್ರಾನ್ಸಿನಲ್ಲಿ ಹರಹಿನ ಅಧ್ಯಯನಕ್ಕೆ ನೂರು ವರ್ಷ ದಾಟಿದೆ. 1913ರಲ್ಲಿ ಆಂದ್ರೆ ಸೀಗ್‌ಫ್ರೀದ್ ಪಶ್ಚಿಮ ಫ್ರಾನ್ಸಿನ ಮತಗಳನ್ನು ಮಣ್ಣು, ಭೂ ಒಡೆತನ, ಮನೆಗಳು ಒತ್ತಾಗಿವೆಯೋ ಚದುರಿವೆಯೋ ಎಂಬುದು, ಚರ್ಚಿನ ಹಿಡಿತ ಇವುಗಳೊಡನೆ ಇಟ್ಟು ನೋಡಿದರು. ‘ಗ್ರಾನೈಟ್ ಬಲಕ್ಕೆ, ಸುಣ್ಣಕಲ್ಲು ಎಡಕ್ಕೆ’ ಎಂಬ ಸೂತ್ರವಷ್ಟೇ ಅವರ ಹೆಸರಿನಲ್ಲಿ ಉಳಿದಿರುವುದು ಅನ್ಯಾಯ, ಅವರ ವಿವರಣೆ ಅದಕ್ಕಿಂತ ಬಹಳ ಸೂಕ್ಷ್ಮವಾದದ್ದು. ಮುಂದೆ 1980ರ ದಶಕದಿಂದ ಲೆ ಪೆನ್ ಕುಟುಂಬದ ಪಕ್ಷದ ಬಲ ಲ ಹಾವ್ರ್, ವಾಲಾಂಸ್, ಪೆರ್ಪಿನ್ಯಾಂ ಊರುಗಳನ್ನು ಜೋಡಿಸುವ ಗೆರೆಯ ಪೂರ್ವಕ್ಕೆ ಹೆಚ್ಚು ಎಂಬುದು ವಿಶ್ಲೇಷಕರ ಬಾಯಲ್ಲಿ ನಿಂತಿತು. ಈಗ ಆ ಗೆರೆ ಮಸುಕಾಗಿ, ದೊಡ್ಡ ನಗರಗಳು ಒಂದು ಕಡೆ, ಸಣ್ಣ ಪಟ್ಟಣ ಮತ್ತು ಹಳ್ಳಿಗಳು ಇನ್ನೊಂದು ಕಡೆ ಎಂಬ ಭೇದ ಎದ್ದು ಕಾಣುತ್ತಿದೆ. 2022ರ ಎರಡನೇ ಸುತ್ತಿನಲ್ಲಿ ಪ್ಯಾರಿಸ್ ಮ್ಯಾಕ್ರನ್ ಅವರಿಗೆ ಶೇ 85 ಕೊಟ್ಟರೆ, ಹಿಂದೆ ಎಡಪಂಥದ ನೆಲೆಯಾಗಿದ್ದ, 1990ರಲ್ಲಿ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ ಸೀಮೆಯ ಪಾ-ದ-ಕಲೆ ಜಿಲ್ಲೆ ಲೆ ಪೆನ್ ಅವರಿಗೆ ಶೇ 57ಕ್ಕೂ ಹೆಚ್ಚು ಕೊಟ್ಟಿತು.

‘ಜಿಲ್ಲೆ ಕೊಟ್ಟಿತು’ ಎಂದು ನಾನೂ ಬರೆದೆ, ಎಲ್ಲರೂ ಬರೆಯುತ್ತೇವೆ. ಈ ವಾಕ್ಯರಚನೆಯಲ್ಲೇ ಅಪಾಯವಿದೆ. ನಿರುದ್ಯೋಗ ಹೆಚ್ಚಿರುವ ಜಿಲ್ಲೆಯಲ್ಲಿ ಲೆ ಪೆನ್ ಅವರಿಗೆ ಹೆಚ್ಚು ಮತ ಬಿದ್ದರೆ, ನಿರುದ್ಯೋಗಿಗಳೇ ಅವರಿಗೆ ಮತ ಹಾಕಿದರು ಎಂದು ತೀರ್ಮಾನಿಸಲಾಗದು. ಅದೇ ಜಿಲ್ಲೆಯ ಕೆಲಸವಿರುವವರು ಹಾಕಿರಬಹುದು, ಕೆಲಸವಿಲ್ಲದವರು ದೂರ ಉಳಿದಿರಬಹುದು. ಗುಂಪಿನ ಲೆಕ್ಕದಿಂದ ವ್ಯಕ್ತಿಯ ನಡವಳಿಕೆ ಹೇಳಲು ಹೊರಡುವ ಈ ತಪ್ಪನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಅಂಕಿಗಳೊಡನೆ ತೋರಿಸಿಕೊಟ್ಟರು. ಇಂಗ್ಲಿಷಿನ ‘ಇಕಾಲಾಜಿಕಲ್ ಫ್ಯಾಲಸಿ’ ಎಂಬ ಹೆಸರನ್ನು ಹಿಡಿದು ‘ಪರಿಸರ ದೋಷ’ ಎಂದರೆ ಓದುಗ ಕಾಡು, ಕೆರೆಗಳನ್ನು ನೆನೆಯುತ್ತಾನೆ. ‘ಸಮೂಹಾನುಮಾನ ದೋಷ’ ಎನ್ನೋಣವೆಂದರೆ ತರ್ಕಶಾಸ್ತ್ರದ ‘ಅನುಮಾನ’ ಇಂದಿನ ಕನ್ನಡದಲ್ಲಿ ಬರೀ ಸಂಶಯವಾಗಿದೆ. ‘ಗುಂಪುಲೆಕ್ಕದ ತಪ್ಪು’ ನನಗೆ ಹಿಡಿಸಿದೆ, ಒಪ್ಪುತ್ತೀರಾ?

ನಕ್ಷೆಯ ಬಗೆಗೂ ಪದ ಬೇಕು. ಒತ್-ಮಾರ್ನ್ ಜಿಲ್ಲೆಯ ವಿಸ್ತೀರ್ಣ 6,000 ಚದರ ಕಿಲೋಮೀಟರಿಗೂ ಹೆಚ್ಚು, ಜನ ಎರಡು ಲಕ್ಷವೂ ಇಲ್ಲ. ಪ್ಯಾರಿಸ್ ಬರೀ 105 ಚದರ ಕಿಲೋಮೀಟರ್, ಜನ 20 ಲಕ್ಷಕ್ಕೂ ಹೆಚ್ಚು. ಸಾಮಾನ್ಯ ನಕ್ಷೆಯಲ್ಲಿ ಲೆ ಪೆನ್ ಗೆದ್ದ ಒತ್-ಮಾರ್ನ್ ಕಣ್ಣು ತುಂಬುತ್ತದೆ, ಪ್ಯಾರಿಸ್ ಚುಕ್ಕೆಯಾಗುತ್ತದೆ. ಇದನ್ನು ಸರಿಪಡಿಸಲು ಜನಸಂಖ್ಯೆಗೆ ತಕ್ಕಂತೆ ಜಿಲ್ಲೆಗಳನ್ನು ಹಿಗ್ಗಿಸಿ ಕುಗ್ಗಿಸಿದ ನಕ್ಷೆಯನ್ನೂ ಮಾಡುತ್ತಾರೆ. ಮೊದಲನೆಯದಕ್ಕೆ ‘ನೆಲನಕ್ಷೆ’, ಎರಡನೆಯದಕ್ಕೆ ‘ಜನನಕ್ಷೆ’ ಎಂದು ತಾತ್ಕಾಲಿಕವಾಗಿ ಹೆಸರಿಟ್ಟುಕೊಂಡಿದ್ದೇನೆ.

ಪುದುಚೇರಿಯಲ್ಲಿರುವ ಫ್ರೆಂಚ್ ಪೌರರೂ ಈ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಅಲ್ಲಿನ ಸಂಪರ್ಕವಿರುವವರು ಬಳಗದಲ್ಲಿದ್ದರೆ ಖಾಲಿ ಮತಕ್ಕೆ ಅವರು ತಮಿಳಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ಮತ ಎಣಿಕೆಯಲ್ಲಿ ಕೆಲಸ ಮಾಡಿದವರಿಂದ ಒಂದು ಉತ್ತರ ಬೇಕು: ಏನೂ ಬರೆಯದೆ ಬಿಟ್ಟ ಮತಪತ್ರವನ್ನೂ ತಪ್ಪಾಗಿ ಗುರುತು ಮಾಡಿದ ಮತಪತ್ರವನ್ನೂ ಎಣಿಕೆಯ ಮೇಜಿನಲ್ಲಿ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆಯೇ? ಕರೆಯುವುದಾದರೆ ಸಿಬ್ಬಂದಿಯ ಬಾಯಲ್ಲಿರುವ ಆ ಪದವನ್ನೇ ನನ್ನ ನಕ್ಷೆಗೆ ತೆಗೆದುಕೊಳ್ಳುತ್ತೇನೆ.