ಬೋರ್ಡೋದಲ್ಲಿ ಅದ್ದಿದ ಕತ್ತಿ ಯಾಕೆ ಕೆಂಪಾಗುತ್ತೆ?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆ):
ನಮಸ್ಕಾರ ಸರ್. ಕೊಳೆರೋಗಕ್ಕೆ ಔಷಧಿ ಹೊಡೆಯುವ ಮೊದಲು ಮೈಲುತುತ್ತ, ಸುಣ್ಣ ನೀರಿನಲ್ಲಿ ಕಲಸಿ ಮಾಡುವ ಬೋರ್ಡೋದಲ್ಲಿ ಕತ್ತಿ ಅದ್ದಿ ನೋಡುತ್ತೇವೆ. ಈ ಸಲ ಕತ್ತಿ ಮೇಲೆ ಕೆಂಪು ಕೂತಿತು. ಅಪ್ಪ "ಇನ್ನೂ ಸ್ವಲ್ಪ ಸುಣ್ಣ ಹಾಕು" ಅಂದರು. ಹಾಕಿ, ಕತ್ತಿ ತಿಕ್ಕಿ ತೊಳೆದು ಮತ್ತೆ ಅದ್ದಿದರೆ ಏನೂ ಇಲ್ಲ! ಆ ಕೆಂಪು ತುಕ್ಕಾ? ಸುಣ್ಣ ಏನು ಮಾಡಿತು?

ಉತ್ತರ (ಕೆಮಿಸ್ಟ್ರಿ ಉಪನ್ಯಾಸಕ, ಶಿವಮೊಗ್ಗ):
ತುಕ್ಕಲ್ಲ ಮಾರಾಯ್ರೇ, ಅಸಲಿ ತಾಮ್ರ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತಾಮ್ರದ ಪರಮಾಣುವಿನಲ್ಲಿ 29 ಎಲೆಕ್ಟ್ರಾನ್ ಇರುತ್ತವೆ. ಮೈಲುತುತ್ತ ನೀರಿನಲ್ಲಿ ಕರಗಿದಾಗ ಅದರ ತಾಮ್ರದಲ್ಲಿ ಇರುವುದು 27 ಮಾತ್ರ. ಎರಡು ಕಮ್ಮಿ. ಅಲ್ಲಿಗೆ ನೀವು ಕತ್ತಿ ಅದ್ದುತ್ತೀರಿ. ಕಬ್ಬಿಣ ತನ್ನ ಹೊರಗಿನ ಎರಡು ಎಲೆಕ್ಟ್ರಾನ್ ಬಿಟ್ಟುಕೊಡಲು ತಾಮ್ರಕ್ಕಿಂತ ಸಲೀಸು. ಅವೆರಡನ್ನು ತಾಮ್ರ ಎಳೆದುಕೊಳ್ಳುತ್ತೆ, ಲೆಕ್ಕ ಭರ್ತಿಯಾಗಿ ಲೋಹವಾಗಿ ಅಲಗಿನ ಮೇಲೆ ಕೂರುತ್ತೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ನೀರಿಗಿಳಿಯುತ್ತೆ. ಅಂದರೆ ಕತ್ತಿ ಚೂರು ಕರಗಿರುತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಇಷ್ಟೆಲ್ಲ ಆದರೂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿಗೆ ಏನೂ ಆಗಿಲ್ಲ. ಕೊಡು-ಕೊಳ್ಳು ಎಲ್ಲ ಹೊರಗಿನ ಎಲೆಕ್ಟ್ರಾನ್‌ಗಳದ್ದು.

ಇನ್ನು ಸುಣ್ಣ. ಅದು ನೀರಿಗೆ ಹೈಡ್ರಾಕ್ಸೈಡ್, ಅಂದರೆ ಆಕ್ಸಿಜನ್-ಹೈಡ್ರೋಜನ್ ಸೇರಿದ ಕಣ, ಕೊಡುತ್ತೆ. ಅದರ ಆಕ್ಸಿಜನ್ ಬಳಿ ಯಾರ ಜೊತೆಗೂ ಹಂಚಿಕೊಳ್ಳದ ಎಲೆಕ್ಟ್ರಾನ್ ಜೋಡಿಗಳಿವೆ. ಅವನ್ನು ತಾಮ್ರದ ಜೊತೆ ಹಂಚಿಕೊಂಡು ಬಂಧ ಕಟ್ಟುತ್ತೆ. ನೀವು ನೋಡುವ ತಿಳಿನೀಲಿ ಗಸಿ ಅದೇ. ನೀರಿನಲ್ಲಿ ಬಿಡಿಯಾಗಿ ಓಡಾಡುವ ತಾಮ್ರ ಉಳಿಯುವುದೇ ತೀರಾ ಕಮ್ಮಿ, ಮತ್ತೆ ಕತ್ತಿಗೆ ಅಂಟೋದು ಎಲ್ಲಿಂದ? ಅಪ್ಪ ಹೇಳಿದ್ದು ಸರಿ. ಬಿಡಿ ತಾಮ್ರ ಜಾಸ್ತಿ ಇದ್ದರೆ ಎಳೆಕಾಯಿ ಸುಡುತ್ತೆ. ಗಸಿಯಾದರೆ ಕಾಯಿಗೆ ಅಂಟಿಕೊಂಡು, ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತಾ ರೋಗಾಣುವನ್ನು ತಡೆಯುತ್ತೆ.

ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿ ಅನ್ನೋದೂ ಇದಕ್ಕೇ. ಕಬ್ಬಿಣದ್ದಾದರೆ ಗಿಡಕ್ಕೆ ಹೋಗಬೇಕಾದ ತಾಮ್ರ ಡ್ರಮ್ಮಿಗೇ ಕೂರುತ್ತೆ.

ಇನ್ನೊಬ್ಬರು (ಸಾಗರ):
ಕತ್ತಿ ಬದಲು ಸ್ಟೀಲ್ ಚಮಚ ಅದ್ದಿದರೆ ಆಗಲ್ವಾ ಸರ್?

ಉತ್ತರ:
ಬೇಡ. ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತೆ. ಅದು ಆಕ್ಸಿಜನ್ ಜೊತೆ ಬಂಧ ಕಟ್ಟಿ ಮೇಲೆ ತೆಳ್ಳಗೆ ಪದರ ಮಾಡಿಕೊಂಡಿರುತ್ತೆ. ಒಳಗಿನ ಕಬ್ಬಿಣದ ಎಲೆಕ್ಟ್ರಾನ್ ಸುಲಭವಾಗಿ ಹೊರಗೆ ಬರಲ್ಲ. ಕೆಂಪು ಬರಲಿಲ್ಲ ಅಂತ ನಂಬಿ ಔಷಧಿ ಹೊಡೆದರೆ ಕಷ್ಟ. ಸಾದಾ ಕಬ್ಬಿಣದ ಕತ್ತಿಯನ್ನೇ ಹೊಳೆಯುವ ಹಾಗೆ ತಿಕ್ಕಿ ಅದ್ದಿ. ತುಕ್ಕು ಹಿಡಿದದ್ದೂ ಬೇಡ, ತುಕ್ಕಿನಲ್ಲಿರುವ ಕಬ್ಬಿಣ ತನ್ನ ಎಲೆಕ್ಟ್ರಾನನ್ನು ಆಗಲೇ ಗಾಳಿಯ ಆಕ್ಸಿಜನ್‌ಗೆ ಕೊಟ್ಟಾಗಿರುತ್ತೆ.