ಎಲ್‌ಪಿಜಿ ಒಲೆಗೆ ಪೈಪ್ ಗ್ಯಾಸ್: ರೆಗ್ಯುಲೇಟರ್ ತಿರುಗಿಸಿದರೆ ಸಾಕಾ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂದಿದೆ. ಒಲೆ ಹಳೇದೇ, ಸಿಲಿಂಡರಿಂದು. ಹಾಗೇ ಸೇರಿಸಿದರೆ ಉರಿ ಸಣ್ಣದಾಗುತ್ತೆ ಅಂತಾರೆ. ಮೀಟರ್ ಪಕ್ಕದ ರೆಗ್ಯುಲೇಟರ್‌ನಲ್ಲಿ ಪ್ರೆಶರ್ ಸ್ವಲ್ಪ ಜಾಸ್ತಿ ಮಾಡಿಕೊಂಡರೆ ಆಗಲ್ವಾ?

ಉತ್ತರ: ಆಗಲ್ಲ. ಅದನ್ನು ಮುಟ್ಟಲೇ ಬೇಡಿ, ಅದು ಗ್ಯಾಸ್ ಕಂಪನಿಯದು. ಬದಲಾಗಬೇಕಿರುವುದು ಒಲೆಯ ಜೆಟ್. ಬರ್ನರ್ ಕೆಳಗೆ ಸೂಜಿ ಮೊನೆಯಷ್ಟು ತೂತಿರುವ ಹಿತ್ತಾಳೆ ನಟ್ ಇರುತ್ತಲ್ಲ, ಅದೇ. ಸಿಲಿಂಡರ್ ರೆಗ್ಯುಲೇಟರ್ ಒಲೆಗೆ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಕೊಡುತ್ತೆ, ಪೈಪ್ ಗ್ಯಾಸ್, ಅಂದರೆ ನೈಸರ್ಗಿಕ ಅನಿಲ, ಬರುವುದು ಸುಮಾರು 21ರಲ್ಲಿ. ಆದರೆ ದೊಡ್ಡ ವ್ಯತ್ಯಾಸ ಒತ್ತಡದ್ದಲ್ಲ, ಗ್ಯಾಸಿನದೇ. ಅಷ್ಟೇ ಜಾಗದ ಎಲ್‌ಪಿಜಿ ಉರಿದರೆ ಪೈಪ್ ಗ್ಯಾಸಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ. ಅದಕ್ಕೇ ಎಲ್‌ಪಿಜಿ ಜೆಟ್ಟಿನ ತೂತು ಚಿಕ್ಕದು, ಪೈಪ್ ಗ್ಯಾಸಿಗೆ ದೊಡ್ಡದು ಬೇಕು. ಒತ್ತಡದಿಂದಲೇ ಸರಿಮಾಡ್ತೀನಿ ಅಂತ ಹೊರಟರೆ, ಒಂದೇ ತೂತಿನಲ್ಲಿ ಗ್ಯಾಸ್ ಎರಡರಷ್ಟು ಬರಲು ಒತ್ತಡ ನಾಲ್ಕರಷ್ಟು ಆಗಬೇಕು, ಆ ಒತ್ತಡಕ್ಕೆ ನಿಮ್ಮ ಒಲೆಯ ನಾಬ್, ರಬ್ಬರ್ ಪೈಪ್ ಯಾವುದೂ ಮಾಡಿದ್ದಲ್ಲ.

ಪ್ರಶ್ನೆ: ಅಂಗಡಿಯಲ್ಲಿ ತಿರುಗಿಸಿ ಅಡ್ಜಸ್ಟ್ ಮಾಡುವ ರೆಗ್ಯುಲೇಟರ್ ಸಿಗುತ್ತಲ್ಲ?

ಉತ್ತರ: ಅದು ಹೋಟೆಲ್ ಭಟ್ಟಿ ಒಲೆಗೆ. ಮನೆ ಸಿಲಿಂಡರಿನ ರೆಗ್ಯುಲೇಟರ್ ಒಳಗೆ ಸ್ಪ್ರಿಂಗ್, ರಬ್ಬರ್ ಡಯಾಫ್ರಮ್ ಇರುತ್ತೆ, ಕಾರ್ಖಾನೆಯಲ್ಲೇ ಸೆಟ್ ಮಾಡಿ ಮುಚ್ಚಿರುತ್ತಾರೆ. ಹೊರಗಿನ ನಾಬ್ ಆನ್–ಆಫ್‌ಗೆ ಅಷ್ಟೇ. ಉರಿ ಕಮ್ಮಿ ಅಂತ ಸ್ಕ್ರೂಡ್ರೈವರ್ ಹಿಡಿದು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ.

ಪ್ರಶ್ನೆ: ಜೆಟ್ ತೂತು ಡ್ರಿಲ್ಲಲ್ಲಿ ದೊಡ್ಡದು ಮಾಡ್ತಾರಂತೆ?

ಉತ್ತರ: ಮಾಡ್ತಾರೆ, ನನಗೆ ಇಷ್ಟವಿಲ್ಲ. ಕೈ ಸ್ವಲ್ಪ ಓರೆಯಾದರೆ ಉರಿಯೂ ಓರೆ. ಹೊಸ ಜೆಟ್ ಹಾಕಿಸಿ, ಆಮೇಲೆ ಗಾಳಿ ಬರುವ ಕಿಂಡಿಯನ್ನೂ ಹೊಂದಿಸಲು ಹೇಳಿ. ಉರಿ ನೀಲಿಯಾಗಿ ಬರ್ನರಿಗೆ ಅಂಟಿಕೊಂಡಿರಬೇಕು. ಹಳದಿ ತುದಿ ಕಂಡರೆ ಗಾಳಿ ಕಮ್ಮಿ. ಬರ್ನರ್ ಬಿಟ್ಟು ಎದ್ದು ಹಾರುತ್ತಿದ್ದರೆ ಗಾಳಿ ಜಾಸ್ತಿ. ಕೊನೆಗೆ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಲಿ, ಬೆಂಕಿಕಡ್ಡಿ ಗೀರಿ ಅಲ್ಲ!

ಪ್ರಶ್ನೆ: ಗ್ಯಾಸ್ ಗೀಸರ್?

ಉತ್ತರ: ಅದರಲ್ಲಿ ಜೆಟ್ಟುಗಳ ಸಾಲೇ ಇರುತ್ತೆ. ಲೇಬಲ್ ಮೇಲೆ ಯಾವ ಗ್ಯಾಸಿಗೆ ಅಂತ ಬರೆದಿರುತ್ತೆ, ನೋಡಿ. ಬದಲಾಯಿಸಿದರೆ ತಯಾರಕರ ಕಡೆಯವರೇ ಮಾಡಲಿ. ಗಾಳಿಯಾಡದ ಬಾತ್‌ರೂಮಿನೊಳಗಂತೂ ಯಾವ ಗ್ಯಾಸಿನದೂ ಬೇಡ.

ಪ್ರಶ್ನೆ: ಮನೆ ಬದಲಾಯಿಸಿ ಮತ್ತೆ ಸಿಲಿಂಡರಿಗೆ ಹೋದರೆ?

ಉತ್ತರ: ದೊಡ್ಡ ಜೆಟ್ಟಲ್ಲಿ ಎಲ್‌ಪಿಜಿ ಹಚ್ಚಬೇಡಿ. ಹಳದಿ ಉರಿ ಎತ್ತರಕ್ಕೆ ಏಳುತ್ತೆ, ಪಾತ್ರೆ ತಳ ಮಸಿ, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ. ಈಗ ಬಿಚ್ಚುವ ಹಳೇ ಜೆಟ್ಟುಗಳನ್ನು ಕೇಳಿ ಇಸ್ಕೊಳ್ಳಿ, ದೊಡ್ಡ ಬರ್ನರಿಂದು ಯಾವುದು, ಚಿಕ್ಕದರದು ಯಾವುದು ಅಂತ ಚೀಟಿ ಬರೆದು ಇಡಿ.